ಕರಪತ್ರಕ್ಕೆ ವಿಳಾಸ ಬೇಕು, ರಾಜ್ಯಸಭೆಗೆ ಬೇಡವೇ?

(ಕನ್ನಡ ಯುವಕ ಯುವತಿಯರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಿಮಗೊಂದು ಸಣ್ಣ ಪರೀಕ್ಷೆ. ನಿಮ್ಮ ಎಂ.ಎಲ್.ಎ. ಯಾರು ಎಂದು ಕೇಳಿದರೆ ತಟ್ಟನೆ ಹೇಳುತ್ತೀರಿ. ಲೋಕಸಭಾ ಸದಸ್ಯರು ಯಾರು ಎಂದರೆ ಸ್ವಲ್ಪ ತಲೆ ಕೆರೆದುಕೊಂಡಾದರೂ ಹೇಳುತ್ತೀರಿ. ಕರ್ನಾಟಕದ ಹೆಸರಿನಲ್ಲಿ ರಾಜ್ಯಸಭೆಯಲ್ಲಿ ಕುಳಿತಿರುವ 12 ಮಂದಿಯ ಹೆಸರು ಹೇಳಿ ಎಂದರೆ? ಮೂರು ಹೆಸರಿಗೆ ನಿಲ್ಲುತ್ತೀರಿ. ತಪ್ಪು ನಿಮ್ಮದಲ್ಲ. ಅವರನ್ನು ಆರಿಸುವಾಗ ನಿಮ್ಮನ್ನು ಯಾರೂ ಕೇಳಲಿಲ್ಲ. ಅವರಲ್ಲಿ ಕೆಲವರು ನಿಮ್ಮ ಊರಿನ ದಾರಿಯನ್ನೂ ಕೇಳಿದವರಲ್ಲ.

ಆ ಸದನದ ಹೆಸರೇ ರಾಜ್ಯಸಭೆ. ಅಂದರೆ ರಾಜ್ಯಗಳ ಸಭೆ. ಲೋಕಸಭೆ ಜನರದ್ದು, ರಾಜ್ಯಸಭೆ ರಾಜ್ಯಗಳದ್ದು. ಸಂವಿಧಾನದ 80ನೇ ವಿಧಿ ಅಲ್ಲಿ ಕೂರುವವರನ್ನು ರಾಜ್ಯಗಳ ಪ್ರತಿನಿಧಿಗಳು ಎಂದೇ ಕರೆಯುತ್ತದೆ. ಆ ರಾಜ್ಯದ ವಾಸಿಯೇ ಅಲ್ಲದವರು ಅದರ ಪ್ರತಿನಿಧಿ ಆಗುವುದು ಹೇಗೆ? ಇವತ್ತು ನಾನು ನಿಮ್ಮ ಮುಂದೆ ಇಡುವ ಪ್ರಶ್ನೆ ಇದೊಂದೇ.

ಒಂದು ಹಾಳೆಗಿರುವ ಕಟ್ಟುಪಾಡು

ನಾನು ಪ್ರೆಸ್ಸಿನವನು. ಓದಿದ್ದು ಪಿ.ಯು.ಸಿ.ವರೆಗೆ. ಸಂವಿಧಾನ ಪಂಡಿತನಲ್ಲ. ಆದರೆ ನನ್ನ ಕಸುಬಿಗೆ ಸಂಬಂಧಪಟ್ಟ ಕಾನೂನೊಂದು ನನಗೆ ಚೆನ್ನಾಗಿ ಗೊತ್ತು. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127-ಎ ಕಲಂ. ಚುನಾವಣೆಯ ಕರಪತ್ರವಾಗಲಿ, ಪೋಸ್ಟರಾಗಲಿ, ಅದನ್ನು ಅಚ್ಚು ಹಾಕಿದವನ ಹೆಸರು ವಿಳಾಸ, ಹಾಕಿಸಿದವನ ಹೆಸರು ವಿಳಾಸ ಅದರ ಮೇಲೆ ಇರಲೇಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಹಾಕಿಸುವವನು ತಾನು ಯಾರೆಂದು ಬರೆದು ಸಹಿ ಮಾಡಿದ ಘೋಷಣೆಯ ಎರಡು ಪ್ರತಿ ಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಸಹಿ ಹಾಕಬೇಕು. ಅಚ್ಚಾದ ಪ್ರತಿಯ ಜೊತೆ ಆ ಘೋಷಣೆಯನ್ನು ನಾವು ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇದು ಒಳ್ಳೆಯ ಕಾನೂನು. ಯಾರು ಮಾತಾಡುತ್ತಿದ್ದಾರೆ, ಎಲ್ಲಿಯವರು ಎಂದು ಓದುವವನಿಗೆ ತಿಳಿಯಬೇಕು. ನಾಳೆ ಆ ಮಾತು ಸುಳ್ಳಾದರೆ ಹೋಗಿ ಬಾಗಿಲು ತಟ್ಟಲು ಒಂದು ವಿಳಾಸ ಬೇಕು.

ಈಗ ಅದೇ ಕಾಯ್ದೆಯ ಮೂರನೇ ಕಲಂ ನೋಡಿ. ರಾಜ್ಯಸಭೆಗೆ ನಿಲ್ಲುವವನಿಗೆ ಏನು ಅರ್ಹತೆ ಬೇಕು ಎಂದು ಅದು ಹೇಳುತ್ತದೆ. 1951ರಲ್ಲಿ ಕಾಯ್ದೆ ಬರೆದವರು ಅವನು ಆ ರಾಜ್ಯದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರನಾಗಿರಬೇಕು ಎಂದು ಬರೆದಿದ್ದರು. ಕರ್ನಾಟಕದಿಂದ ಹೋಗುವವನ ಹೆಸರು ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಇರಬೇಕಿತ್ತು. 2003ರಲ್ಲಿ ವಾಜಪೇಯಿಯವರ ಸರ್ಕಾರ ತಿದ್ದುಪಡಿ ತಂದು 'ಆ ರಾಜ್ಯದ' ಎಂಬ ಮಾತನ್ನು ಕಿತ್ತು 'ಭಾರತದ' ಎಂದು ಹಾಕಿತು. ದೇಶದ ಯಾವ ಮೂಲೆಯ ಮತದಾರನಾದರೂ ಆಯಿತು, ಕರ್ನಾಟಕದ ಪ್ರತಿನಿಧಿ ಆಗಬಹುದು!

ಒಂದು ರೂಪಾಯಿಯ ಕರಪತ್ರಕ್ಕೆ ವಿಳಾಸ ಬೇಕು. ಆರು ವರ್ಷ ಆರು ಕೋಟಿಗೂ ಹೆಚ್ಚು ಜನರ ಪರವಾಗಿ ಮಾತಾಡುವವರಿಗೆ ಬೇಡ. ಇದು ಯಾವ ನ್ಯಾಯ?

ನೆಗಡಿ ಬಂತೆಂದು ಮೂಗು ಕೊಯ್ದರು

ಈ ತಿದ್ದುಪಡಿಗೆ ಅವರು ಕೊಟ್ಟ ಕಾರಣ ಕೇಳಿದರೆ ನಗು ಬರುತ್ತದೆ. ಆ ರಾಜ್ಯದಲ್ಲಿ ವಾಸವಿಲ್ಲದವರೂ ರಾಜ್ಯಸಭೆಗೆ ನಿಲ್ಲುವುದಕ್ಕಾಗಿಯೇ ಅಲ್ಲಿನ ಮತದಾರರೆಂದು ಹೆಸರು ಬರೆಸಿಕೊಳ್ಳುತ್ತಿದ್ದರಂತೆ. ಕಾನೂನು ಹೀಗೆ ದುರುಪಯೋಗ ಆಗುತ್ತಿದೆ, ಆದ್ದರಿಂದ ಕಾನೂನನ್ನೇ ತೆಗೆಯೋಣ! ಮನಮೋಹನ್ ಸಿಂಗ್ ಅವರು 1991ರಿಂದ 2019ರವರೆಗೆ ಅಸ್ಸಾಮಿನ ಸದಸ್ಯರಾಗಿದ್ದರು. ಅವರಿಗಿದ್ದ ಅಸ್ಸಾಮಿನ ನಂಟು ಗುವಾಹಟಿಯ ಒಂದು ಬಾಡಿಗೆ ಮನೆಯ ವಿಳಾಸ. ದೊಡ್ಡ ಮನುಷ್ಯರೇ, ವಿದ್ವಾಂಸರೇ. ಆದರೆ ಅಂಥವರಿಗೂ ಆ ಕಾಲದಲ್ಲಿ ಒಂದು ವಿಳಾಸವಾದರೂ ಬೇಕಾಗಿತ್ತು. 2003ರ ನಂತರ ಆ ನೆಪವೂ ಬೇಡವಾಯಿತು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಕೆಲಸವೂ ಆಯಿತು. ರಾಜ್ಯಸಭೆಗೆ ಶಾಸಕರು ಹಾಕುವ ಮತ ಗುಪ್ತ ಮತವಾಗಿ ಉಳಿಯಲಿಲ್ಲ. ಈಗ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿ ಪೆಟ್ಟಿಗೆಗೆ ಹಾಕಬೇಕು. ದುಡ್ಡಿಗೆ ಮತ ಮಾರಿಕೊಳ್ಳುವುದನ್ನು ತಡೆಯಲು ಎಂದರು. ಉದ್ದೇಶ ಒಳ್ಳೆಯದಿರಬಹುದು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ದೆಹಲಿಯ ಹೈಕಮಾಂಡು ಎಲ್ಲಿಯವರನ್ನು ಬೇಕಾದರೂ ಕಳಿಸಬಹುದು. ನಮ್ಮ ಶಾಸಕ ತೋರಿಸಿಯೇ ಮತ ಹಾಕಬೇಕು. ಒಳಗೊಳಗೇ ಅಭಿಮಾನ ಕುದಿದರೂ ಕೈ ಮಾತ್ರ ಹೈಕಮಾಂಡು ಹೇಳಿದ ಹೆಸರಿನ ಮುಂದೆಯೇ ಗುರುತು ಹಾಕುತ್ತದೆ.

ಇದನ್ನು ಪತ್ರಕರ್ತ ಕುಲದೀಪ್ ನಯ್ಯರ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರ ಆಗಸ್ಟ್ 22ರಂದು ಐವರು ನ್ಯಾಯಮೂರ್ತಿಗಳ ಪೀಠ ಅವರ ಅರ್ಜಿಯನ್ನು ತಳ್ಳಿಹಾಕಿತು. ಶಾಸಕರು ಆರಿಸಿದರೆ ಸಾಕು, ಅವನು ಆ ರಾಜ್ಯದ ಪ್ರತಿನಿಧಿಯೇ. ಅಲ್ಲೇ ವಾಸವಿರಬೇಕೆಂದು ಸಂವಿಧಾನ ಹೇಳಿಲ್ಲ. ಅದನ್ನು ತೀರ್ಮಾನಿಸುವುದು ಸಂಸತ್ತಿಗೆ ಬಿಟ್ಟದ್ದು ಎಂದಿತು. ನ್ಯಾಯಾಲಯಕ್ಕೆ ತಲೆಬಾಗೋಣ. ಆದರೆ ಕೊನೆಯ ಮಾತನ್ನು ಮರೆಯುವುದು ಬೇಡ. ಸಂಸತ್ತು ತೆಗೆದದ್ದನ್ನು ಸಂಸತ್ತು ಮತ್ತೆ ಹಾಕಬಹುದು. ಬಾಗಿಲು ಮುಚ್ಚಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಗ್ರಾಮ ಪಂಚಾಯಿತಿಗೆ ನಿಲ್ಲಬೇಕಾದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಿಧಾನಸಭೆಗೆ ನಿಲ್ಲಬೇಕಾದರೆ ಕರ್ನಾಟಕದ ಮತದಾರನಾಗಿರಬೇಕು. ಅದೇ ಶಾಸಕರು ವಿಧಾನ ಪರಿಷತ್ತಿಗೆ ಆರಿಸುವವನೂ ಕರ್ನಾಟಕದ ಮತದಾರನೇ ಆಗಿರಬೇಕು. ಅವೇ ಕೈಗಳು ರಾಜ್ಯಸಭೆಗೆ ಮತ ಹಾಕುವಾಗ ಮಾತ್ರ ಈ ನಿಯಮ ಮಾಯ! ರಾಜ್ಯದ ಒಳಗೆ ಮಾತಾಡಲು ನಮ್ಮವನೇ ಬೇಕು, ರಾಜ್ಯದ ಪರವಾಗಿ ದೆಹಲಿಯಲ್ಲಿ ಮಾತಾಡಲು ಯಾರಾದರೂ ಆದೀತು.

ನಮ್ಮ ಪಾಲಿಗೆ ಬಂದವರು

ವೆಂಕಯ್ಯ ನಾಯ್ಡು ಅವರು ಆಂಧ್ರದ ನೆಲ್ಲೂರು ಕಡೆಯವರು. 1998, 2004, 2010, ಹೀಗೆ ಮೂರು ಬಾರಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. 2011ರ ಉಪಚುನಾವಣೆಯಲ್ಲಿ ಮುಂಬಯಿಯ ನಟಿ ಹೇಮಮಾಲಿನಿ ನಮ್ಮ ಪ್ರತಿನಿಧಿಯಾದರು. ಅವರೆದುರು ನಿಂತು ಸೋತವರು ಯಾರು ಗೊತ್ತೇ? ಕನ್ನಡದ ಪ್ರಾಧ್ಯಾಪಕ, ರಂಗಭೂಮಿಯ ವಿಮರ್ಶಕ ಡಾ. ಕೆ. ಮರುಳಸಿದ್ದಪ್ಪ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಗೆ ನಮ್ಮ ಶಾಸಕರು ಅಂದು ಮತ ಹಾಕಿ ಮುದ್ರೆ ಒತ್ತಿದರು. 2016ರಲ್ಲಿ ಮತ್ತು 2022ರಲ್ಲಿ ನಿರ್ಮಲಾ ಸೀತಾರಾಮನ್ ಇಲ್ಲಿಂದ ಹೋದರು. 2016ಕ್ಕೆ ಮುಂಚೆ ಅವರು ಆಂಧ್ರಪ್ರದೇಶದ ಸದಸ್ಯೆ! ಇದು ಬಿ.ಜೆ.ಪಿ.ಯ ರೋಗ ಮಾತ್ರ ಎಂದುಕೊಳ್ಳಬೇಡಿ. 2024ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸು ದೆಹಲಿಯ ಅಜಯ್ ಮಾಕನ್ ಅವರನ್ನು ಕರ್ನಾಟಕದ ಲೆಕ್ಕದಲ್ಲಿ ಗೆಲ್ಲಿಸಿಕೊಂಡಿತು. ದೆಹಲಿಯಲ್ಲಿ ಮಂತ್ರಿಯಾಗಿದ್ದವರು, ದೆಹಲಿಯಿಂದ ಲೋಕಸಭೆಗೆ ಗೆದ್ದವರು, ಈಗ ನಮ್ಮ ಪ್ರತಿನಿಧಿ. ಬಾವುಟದ ಬಣ್ಣ ಬೇರೆ, ಬುದ್ಧಿ ಒಂದೇ.

ಇವರು ಯಾರೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಯೋಗ್ಯತೆ ಅಳೆಯುವುದು ನನ್ನ ಕೆಲಸವಲ್ಲ. ಇವರ ಮುಂದಿನ ಭವಿಷ್ಯ ಯಾರ ಕೈಯಲ್ಲಿದೆ ಎಂಬುದಷ್ಟೇ ನನ್ನ ಪ್ರಶ್ನೆ. ಕನ್ನಡಿಗನ ಕೈಯಲ್ಲಿ ಇಲ್ಲ. ನಾವು ಮುನಿಸಿಕೊಂಡರೆ ಅವರು ಕಳೆದುಕೊಳ್ಳುವುದೇನೂ ಇಲ್ಲ. ಇಲ್ಲಿ ಬೇಡವೆಂದರೆ ಹೈಕಮಾಂಡು ಇನ್ನೊಂದು ರಾಜ್ಯ ತೋರಿಸುತ್ತದೆ. 2016ರಲ್ಲಿ ವೆಂಕಯ್ಯನವರಿಗೆ ರಾಜಸ್ಥಾನ ಸಿಗಲಿಲ್ಲವೇ?

ಕೇಳುವವರು ಯಾರು?

ಇದರಿಂದ ನಮಗೇನು ನಷ್ಟ ಎಂದು ನೀವು ಕೇಳಬೇಕು. ಒಂದು ಉದಾಹರಣೆ ಸಾಕು. 15ನೇ ಹಣಕಾಸು ಆಯೋಗ 2020-21ರ ವರದಿಯಲ್ಲಿ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಕೊಡಿ ಎಂದು ಶಿಫಾರಸು ಮಾಡಿತು. ಕಾರಣ, ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು ಇಳಿದಿತ್ತು. 14ನೇ ಆಯೋಗ ನಮಗೆ ಕೊಟ್ಟಿದ್ದು ಶೇ. 4.713. 15ನೇ ಆಯೋಗ 2021-26ರ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಆ 5,495 ಕೋಟಿ ಬರಲಿಲ್ಲ. ಅಂತಿಮ ವರದಿಯಲ್ಲಿ ಅಂಥ ಶಿಫಾರಸು ಇಲ್ಲ ಎಂಬುದು ಕೇಂದ್ರ ಹಣಕಾಸು ಸಚಿವರ ವಾದ. ಆ ಸಚಿವರು ಯಾರು? ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್!

ಇಲ್ಲಿ ನ್ಯಾಯವಾಗಿ ಮಾತಾಡೋಣ. ಹಣಕಾಸು ಸಚಿವರು ಇಡೀ ದೇಶಕ್ಕೆ ಸಚಿವರು. ಅವರು ಒಂದು ರಾಜ್ಯದ ವಕೀಲಿಕೆ ಮಾಡಲಾಗದು, ಮಾಡಬಾರದು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲಿ ಸಂಸತ್ತಿನಲ್ಲಿ ಹೇಳಿದವರೂ ಅವರೇ. ಆ ಪುಣ್ಯವನ್ನು ಮರೆಯುವುದು ಬೇಡ. ಆದರೆ ಕರ್ನಾಟಕದ 12 ಕುರ್ಚಿಗಳು ಇರುವುದೇ ಇಂಥ ಹೊತ್ತಿನಲ್ಲಿ ಎದ್ದು ನಿಂತು ನಮ್ಮ ಪಾಲು ಎಲ್ಲಿ ಎಂದು ಕೇಳುವುದಕ್ಕೆ. ಕೇಳಬೇಕಾದ ಕುರ್ಚಿಯಲ್ಲಿ ಉತ್ತರ ಹೇಳುವವರನ್ನು ಕೂರಿಸಿದರೆ ಕೇಳುವ ಬಾಯಿ ಒಂದು ಕಡಿಮೆಯಾಯಿತು. ಆ ಕುರ್ಚಿಯಲ್ಲಿ ಇದೇ ನೆಲದವರಿದ್ದೂ ಬಾಯಿ ಮುಚ್ಚಿ ಕೂತಿದ್ದರೆ? ಆಗ ಅವರು ಊರಿಗೆ ಬಂದಾಗ ಮುತ್ತಿಗೆ ಹಾಕಿ ಕೇಳಬಹುದಿತ್ತು. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಮಠದ ಅಂಗಳದಲ್ಲಿ ಸಿಕ್ಕಿಬೀಳುತ್ತಿದ್ದರು. ಊರಿನ ಭಯ ಅನ್ನುವುದು ಅದೇ. ಆ ಭಯ ಇಲ್ಲದ ಪ್ರತಿನಿಧಿ ನಮಗೇಕೆ?

ಸಂಸದರ ಸ್ಥಳೀಯ ಅಭಿವೃದ್ಧಿ ನಿಧಿಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 5 ಕೋಟಿ. ರಾಜ್ಯಸಭಾ ಸದಸ್ಯರು ತಾವು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗಾದರೂ ಕೆಲಸ ಸೂಚಿಸಬಹುದು. ಯಾದಗಿರಿಯ ಯಾವ ಶಾಲೆಗೆ ಕೊಠಡಿಯಿಲ್ಲ, ಪಾವಗಡದ ಯಾವ ಊರಿಗೆ ಕುಡಿಯುವ ನೀರಿಲ್ಲ ಎಂಬುದು ದೆಹಲಿಯಲ್ಲೇ ಕೂತವರ ಕಿವಿಗೆ ಹೇಗೆ ಬಿದ್ದೀತು?

ಅಮೆರಿಕದಲ್ಲೂ ಕೇಳುತ್ತಾರೆ

ಇಷ್ಟು ಹೇಳಿದರೆ 'ಇದು ಸಂಕುಚಿತ ಬುದ್ಧಿ, ಪ್ರಪಂಚ ಎಲ್ಲಿಗೋ ಹೋಗುತ್ತಿದೆ' ಎಂದು ಮೂಗು ಮುರಿಯುವವರು ನಮ್ಮ ನಗರಗಳಲ್ಲೇ ಬೇಕಾದಷ್ಟಿದ್ದಾರೆ. ಅವರು ಅಮೆರಿಕವೆಂದರೆ ಕಣ್ಣರಳಿಸುತ್ತಾರೆ. ಸರಿ, ಅಮೆರಿಕಕ್ಕೇ ಹೋಗೋಣ.

ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದಕ್ಕೂ ಎರಡು ಸದನ. ಪ್ರತಿ ರಾಜ್ಯಕ್ಕೆ ಇಬ್ಬರಂತೆ ಸೆನೆಟರುಗಳು. ಸೆನೆಟರಾಗಲಿ, ಕೆಳಮನೆಯ ಸದಸ್ಯನಾಗಲಿ, ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ವಾಸಿಯಾಗಿರಬೇಕು ಎಂದು ಅವರ ಸಂವಿಧಾನವೇ ಹೇಳುತ್ತದೆ. ಒಂದು ಕಾಲದಲ್ಲಿ ಅಲ್ಲಿಯೂ ಸೆನೆಟರನ್ನು ನಮ್ಮ ಹಾಗೆ ರಾಜ್ಯದ ಶಾಸಕರೇ ಆರಿಸುತ್ತಿದ್ದರು. ಆಗಲೂ ಈ ನಿಯಮವಿತ್ತು. 1913ರಿಂದ ನೇರವಾಗಿ ಜನರೇ ಆರಿಸುತ್ತಾರೆ. ಈಗಲೂ ಇದೆ.

ಹೊರರಾಜ್ಯದಿಂದ ಬಂದು ನಿಲ್ಲುವವನಿಗೆ ಅವರು ಇಟ್ಟ ಹೆಸರು 'ಕಾರ್ಪೆಟ್ ಬ್ಯಾಗರ್', ಜಮಖಾನದ ಚೀಲದವನು. 1865ರಲ್ಲಿ ಅವರ ಅಂತರ್ಯುದ್ಧ ಮುಗಿದ ಮೇಲೆ ಉತ್ತರದವರು ಕೆಲವರು ಜಮಖಾನದ ಬಟ್ಟೆಯಲ್ಲಿ ಹೊಲಿದ ಚೀಲ ಹಿಡಿದು ದಕ್ಷಿಣಕ್ಕೆ ಅಧಿಕಾರ ಹುಡುಕಿಕೊಂಡು ಬಂದರು. ಅವರಿಗೆ ಇಟ್ಟ ಅಡ್ಡಹೆಸರು ಇಂದಿಗೂ ಉಳಿದಿದೆ.

2004ರಲ್ಲಿ ಇಲಿನಾಯ್ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಅಭ್ಯರ್ಥಿ ಇಲ್ಲದಂತಾಯಿತು. ಚುನಾವಣೆಗೆ ಮೂರು ತಿಂಗಳೂ ಇಲ್ಲದಿದ್ದಾಗ ಮೇರಿಲ್ಯಾಂಡಿನಿಂದ ಅಲನ್ ಕೀಸ್ ಎಂಬವರನ್ನು ಕರೆತಂದರು. ತಮಾಷೆಯೆಂದರೆ, 2000ದಲ್ಲಿ ಹಿಲರಿ ಕ್ಲಿಂಟನ್ ನ್ಯೂಯಾರ್ಕಿಗೆ ಬಂದು ಸೆನೆಟ್‌ಗೆ ನಿಂತಾಗ ಇದೇ ಕೀಸ್ ಅದನ್ನು ಖಂಡಿಸಿದ್ದರು. ಇಲಿನಾಯ್ ಜನ ಅವರಿಗೆ ಕೊಟ್ಟ ಮತ ಶೇಕಡಾ 27. ಎದುರಾಳಿಗೆ 70. ಆ ಎದುರಾಳಿ ಬರಾಕ್ ಒಬಾಮ.

2014ರಲ್ಲಿ ಮ್ಯಾಸಚೂಸೆಟ್ಸಿನ ಮಾಜಿ ಸೆನೆಟರ್ ಸ್ಕಾಟ್ ಬ್ರೌನ್ ಪಕ್ಕದ ನ್ಯೂ ಹ್ಯಾಂಪ್‌ಶೈರಿಗೆ ಮನೆ ಬದಲಿಸಿ ನಿಂತರು. ಸೋತರು. 2022ರಲ್ಲಿ ಟಿ.ವಿ.ಯ ಖ್ಯಾತ ವೈದ್ಯ ಮೆಹ್ಮೆತ್ ಓಜ್ ಪೆನ್ಸಿಲ್ವೇನಿಯಾದಲ್ಲಿ ನಿಂತರು. ಬಹುಕಾಲ ಬದುಕಿದ್ದು ಪಕ್ಕದ ನ್ಯೂಜೆರ್ಸಿಯಲ್ಲಿ. ಎದುರಾಳಿ ಜಾನ್ ಫೆಟರ್‌ಮನ್, ಪೆನ್ಸಿಲ್ವೇನಿಯಾದ ಬ್ರಾಡಕ್ ಎಂಬ ಉಕ್ಕಿನ ಕಾರ್ಖಾನೆಯ ಸಣ್ಣ ಊರಿಗೆ ಮೇಯರ್ ಆಗಿದ್ದವರು. ಅವರು ಮಾಡಿದ್ದೇನು? ನ್ಯೂಜೆರ್ಸಿಯ ಕಡಲ ತೀರದ ಮೇಲೆ ವಿಮಾನದ ಬಾಲಕ್ಕೆ ಬ್ಯಾನರ್ ಕಟ್ಟಿ ಹಾರಿಸಿದರು: ಡಾಕ್ಟರ್ ಓಜ್, ನಿಮ್ಮೂರಿಗೆ ಸ್ವಾಗತ! ಓಜ್ ಅವರು ತರಕಾರಿ ಅಂಗಡಿಗೆ ಹೋಗಿ ಬೆಲೆ ಏರಿಕೆಯ ಮೇಲೆ ವಿಡಿಯೋ ಮಾಡಿದರೆ ಅಂಗಡಿಯ ಹೆಸರನ್ನೇ ತಪ್ಪಾಗಿ ಹೇಳಿದರು. ಜನ ನಕ್ಕರು. ನವೆಂಬರಿನಲ್ಲಿ ಫೆಟರ್‌ಮನ್ ಗೆದ್ದರು. ಸೋಲಿಗೆ ಇದೊಂದೇ ಕಾರಣ ಎನ್ನಲಾರೆ. ಆದರೆ ನೀವು ಎಲ್ಲಿಯವರು ಎಂದು ಕೇಳಿದ ಆ ಜನರನ್ನು ನಾವೇಕೆ ಸಂಕುಚಿತರು ಎನ್ನುವುದಿಲ್ಲ?

ಹಿಲರಿ ಗೆದ್ದರಲ್ಲ ಎನ್ನುತ್ತೀರಿ. ಗೆದ್ದರು. ಹೇಗೆ? ನ್ಯೂಯಾರ್ಕ್ ರಾಜ್ಯದಲ್ಲಿ ಮನೆ ಮಾಡಿದರು. ಊರೂರು ಸುತ್ತಿ ಜನರ ಮಾತು ಕೇಳಿದರು. ನೇರವಾಗಿ ಜನರ ಮುಂದೆ ನಿಂತು ಮತ ಕೇಳಿದರು. ಹಾಗೆ ಬರುವವರ ಮೇಲೆ ನನ್ನ ತಕರಾರಿಲ್ಲ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ ರಾಜ್ಯದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದರು. ಅಲ್ಲಿನ ಕಾನೂನು ಎಲ್ಲಿ ಹುಟ್ಟಿದೆ ಎಂದು ಕೇಳಲಿಲ್ಲ. ಎಷ್ಟು ವರ್ಷದಿಂದ ಪ್ರಜೆ, ಈಗ ಎಲ್ಲಿ ವಾಸ ಎಂದು ಕೇಳಿತು. ನಾನು ಕೇಳುವುದೂ ಅಷ್ಟೇ.

ಜನರ ಮತ ಬೇರೆ, ಹೈಕಮಾಂಡಿನ ಚೀಟಿ ಬೇರೆ

ಇನ್ನೊಂದು ಪ್ರಶ್ನೆ ಬರುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಮುಂಬಯಿಯಿಂದ, 1977ರಲ್ಲಿ ಬಿಹಾರದ ಮುಜಫರಪುರದಿಂದ ಗೆಲ್ಲಲಿಲ್ಲವೇ? ನಮ್ಮವರು ಹೋದರೆ ಹೆಮ್ಮೆ, ಅವರು ಬಂದರೆ ಸಿಟ್ಟೇ? ಒಳ್ಳೆಯ ಪ್ರಶ್ನೆ. ಉತ್ತರವೂ ಇದೆ. ಅದು ಲೋಕಸಭೆ. ಅಲ್ಲಿ ಜನ ನೇರವಾಗಿ ಮತ ಹಾಕಿದರು. ಬೇಡವೆಂದಿದ್ದರೆ ಸೋಲಿಸಬಹುದಿತ್ತು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದಾಗ ಎದುರಿಗೆ ನಮ್ಮ ವೀರೇಂದ್ರ ಪಾಟೀಲರಿದ್ದರು. ಜನ ಇಂದಿರಾ ಅವರನ್ನು ಆರಿಸಿದರು. 1999ರಲ್ಲಿ ಬಳ್ಳಾರಿಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಂದರು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಮತ ಕೇಳಲು ಬಂದವರಿಗೆ ನಮ್ಮ ಭಾಷೆ ಬೇಕಾಯಿತು ನೋಡಿ! ಸೋನಿಯಾ ಗೆದ್ದರು, ಅಮೇಥಿಯಲ್ಲೂ ಗೆದ್ದರು, ಅಮೇಥಿ ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. 2000ದಲ್ಲಿ ಬಳ್ಳಾರಿ ಮತ್ತೆ ಉಪಚುನಾವಣೆಗೆ ಸಾಲು ನಿಂತಿತು. ಬಂದವರು ಹೋಗುತ್ತಾರೆ, ಇರುವವರು ನಾವು ಎಂಬ ಪಾಠವನ್ನು ಬಳ್ಳಾರಿ ಕಲಿತದ್ದು ಹಾಗೆ. ಆದರೂ ಅದು ಜನರ ತೀರ್ಪು. ರಾಜ್ಯಸಭೆಯಲ್ಲಿ ಜನರ ತೀರ್ಪಿಗೆ ಜಾಗವೇ ಇಲ್ಲ. ಅದಕ್ಕೇ ಅಲ್ಲಿ ಕಾನೂನಿನ ಬೇಲಿ ಬೇಕಿತ್ತು. ಆ ಬೇಲಿಯನ್ನೇ ಕಿತ್ತರು.

ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಈ ಸಿಟ್ಟನ್ನು ನಿಮ್ಮ ಪಕ್ಕದ ಮನೆಯ ತಮಿಳರ ಮೇಲೆ, ಬೀದಿ ಕೊನೆಯ ಅಂಗಡಿಯ ರಾಜಸ್ಥಾನಿಯ ಮೇಲೆ, ಕಟ್ಟಡ ಕೆಲಸದ ಬಿಹಾರಿ ಹುಡುಗನ ಮೇಲೆ ತಿರುಗಿಸಬೇಡಿ. ಇಲ್ಲಿ ನೆಲೆಸಿ, ಇಲ್ಲಿನ ನೀರು ಕುಡಿದು, ಇಲ್ಲಿನ ಶಾಲೆಗೆ ಮಕ್ಕಳನ್ನು ಕಳಿಸಿ, ಕನ್ನಡ ಕಲಿತು ಬದುಕುವವರು ಯಾವ ಮನೆಮಾತಿನವರಾದರೂ ನಮ್ಮವರೇ. ಅವರಲ್ಲೊಬ್ಬರು ರಾಜ್ಯಸಭೆಗೆ ಹೋದರೆ ಕರ್ನಾಟಕವೇ ಹೋದಂತೆ. ಕಾವೇರಿ ನೀರು ನಿಂತರೆ ಅವರ ಮನೆಯ ನಲ್ಲಿಯೂ ನಿಲ್ಲುತ್ತದೆ. ನನ್ನ ಜಗಳ ನಲ್ಲಿಯೇ ಇಲ್ಲಿ ಇಲ್ಲದವರ ಜೊತೆ.

ನೀವು ಮಾಡಬಹುದಾದದ್ದು

ನಮಗೆ ಮತವೇ ಇಲ್ಲವಲ್ಲ, ಏನು ಮಾಡುವುದು ಎಂದು ಕೈಚೆಲ್ಲಬೇಡಿ. ಲೆಕ್ಕ ತಿಳಿದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ನಮ್ಮ 12ರಲ್ಲಿ ನಾಲ್ಕು ಸ್ಥಾನ ಖಾಲಿಯಾಗುತ್ತವೆ. ನಮ್ಮ ಶಾಸಕರು 224. ನಾಲ್ಕು ಸ್ಥಾನಕ್ಕೆ ಚುನಾವಣೆಯಾದರೆ ಒಂದು ಸ್ಥಾನ ಗೆಲ್ಲಲು 45 ಶಾಸಕರ ಮತ ಬೇಕು. ಆ 45ರಲ್ಲಿ ಒಬ್ಬರು ನಿಮ್ಮ ಕ್ಷೇತ್ರದವರಿರಬಹುದು. ನೀವು ಅವರಿಗೆ ಮತದಾರರು. ಅಂದರೆ ನಿಮ್ಮ ಮತ ಒಂದು ಕೈ ದಾಟಿ ರಾಜ್ಯಸಭೆಗೆ ಹೋಗುತ್ತದೆ. ಹೋಗುವ ದಾರಿಯಲ್ಲೇ ಹಿಡಿದು ಕೇಳಿ.

ಕೇಳಬೇಕಾದ ಹೊತ್ತು ಮತದಾನದ ದಿನವಲ್ಲ. ಅಭ್ಯರ್ಥಿಯ ಹೆಸರು ದೆಹಲಿಯಲ್ಲಿ ತೀರ್ಮಾನವಾಗುವ ಮುಂಚೆ. ಹೆಸರು ಬಂದ ಮೇಲೆ ಶಾಸಕನ ಕೈ ಕಟ್ಟಿಹೋಗಿರುತ್ತದೆ. 2016ರಲ್ಲಿ ವೆಂಕಯ್ಯನವರನ್ನು ನಾಲ್ಕನೆಯ ಬಾರಿ ಕಳಿಸುವ ಸುದ್ದಿ ಹಬ್ಬಿದಾಗ ನಿಮ್ಮಂಥ ಹುಡುಗರೇ ಮೊಬೈಲಿನಲ್ಲಿ 'ವೆಂಕಯ್ಯ ಸಾಕಯ್ಯ' ಎಂದು ಕೂಗೆಬ್ಬಿಸಿದರು. ಅವರು ಕರ್ನಾಟಕದಿಂದ ನಿಲ್ಲಲಿಲ್ಲ. ಆದರೆ ನಾವು ಗೆದ್ದೆವೆಂದು ಮನೆಗೆ ಹೋಗಿ ಮಲಗಿದೆವು. ಅದೇ ವರ್ಷ ಅದೇ ಪಕ್ಷ ಇನ್ನೊಬ್ಬ ಹೊರಗಿನವರನ್ನು ತಂದಿತು. ಒಬ್ಬ ವ್ಯಕ್ತಿಯ ವಿರುದ್ಧ ಕೂಗಿದರೆ ವ್ಯಕ್ತಿ ಬದಲಾಗುತ್ತಾರೆ. ಪದ್ಧತಿ ಹಾಗೇ ಇರುತ್ತದೆ. ಕೂಗು ಪದ್ಧತಿಯ ವಿರುದ್ಧ ಇರಲಿ.

ಎರಡು ಬೇಡಿಕೆ ಸಾಕು. ಮೊದಲನೆಯದು ಶಾಸಕರಿಗೆ: ಕರ್ನಾಟಕದ ಮತದಾರರಲ್ಲದವರಿಗೆ ರಾಜ್ಯಸಭೆಯ ಟಿಕೆಟ್ ಬೇಡ ಎಂದು ನಿಮ್ಮ ಪಕ್ಷದೊಳಗೆ ಮೊದಲೇ ಹೇಳಿ, ಬರೆದು ಕೊಡಿ. ಎರಡನೆಯದು ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ: 2003ರಲ್ಲಿ ಕಿತ್ತ 'ಆ ರಾಜ್ಯದ' ಎಂಬ ಮಾತನ್ನು ಮತ್ತೆ ಕಾಯ್ದೆಗೆ ಸೇರಿಸಲು ಮಸೂದೆ ತನ್ನಿ. ಸುಳ್ಳು ವಿಳಾಸ ಕೊಡುವವರಿಗೆ ಶಿಕ್ಷೆಯನ್ನೂ ಸೇರಿಸಿ.

ಈ ವಾರವೇ ನಿಮ್ಮ ಶಾಸಕರ ಕಚೇರಿಗೆ ಹತ್ತು ಜನ ಒಟ್ಟಾಗಿ ಹೋಗಿ. ಗಲಾಟೆ ಬೇಡ, ಘೋಷಣೆ ಬೇಡ. ಒಂದು ಹಾಳೆಯಲ್ಲಿ ಈ ಎರಡು ಬೇಡಿಕೆ ಕನ್ನಡದಲ್ಲಿ ಬರೆದು, ಕೆಳಗೆ ಹತ್ತೂ ಜನ ಹೆಸರು, ಮತದಾರರ ಗುರುತಿನ ಚೀಟಿಯ ಸಂಖ್ಯೆ ಹಾಕಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಮುಂದಿನ ಚುನಾವಣೆಯಲ್ಲಿ ಅವರು ಮನೆ ಬಾಗಿಲಿಗೆ ಬಂದಾಗ ಆ ಸ್ವೀಕೃತಿಯನ್ನು ತೋರಿಸಿ, ಏನು ಮಾಡಿದಿರಿ ಎಂದು ಕೇಳಿ.

ಸಿರಿಗನ್ನಡಂ ಗೆಲ್ಗೆ.